ಪಂಪು ತೊಳೆಯುವ ಮೂಲೆಯ ಮಣ್ಣು

ವಿಷವನ್ನು ಉಂಡು ಬದುಕುವ ಜೀವಾಣುಗಳ ವಂಶಗುಣವನ್ನು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದು, ಈ ವರ್ಷ ಹೊಸಪೇಟೆಯ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಡಾ. ಗಾಯತ್ರಿಯವರ ವಿದ್ವತ್ತನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಬುಕ್ಕಸಾಗರದ ಶಾಲೆಯಲ್ಲಿ ಅವರಿಗೆ ಅಕ್ಷರ ಕಲಿಸಿದವನೆಂಬ ಸಲುಗೆಯಿಂದ ಬರೆಯುತ್ತಿದ್ದೇನೆ.

ಮೊದಲು ಅವರು ಸಂಡೂರಿನಲ್ಲಿ ಗಣಿ ಲಾರಿಗಳು ನಿಂತು ಎಣ್ಣೆ ಸೋರಿದ ನೆಲವನ್ನು ಪರೀಕ್ಷಿಸಿದರು. ಆಮೇಲೆ ಕಂಪ್ಲಿ ಕಡೆಯ ಭತ್ತದ ಗದ್ದೆಗಳಿಗೆ ಬಂದರು. ನಮ್ಮಲ್ಲಿಗೆ ಬಂದದ್ದು ಮಾತ್ರ ಸಾವಿನ ಮನೆಯನ್ನು ಮಾತನಾಡಿಸಲು.

ನನ್ನ ತಮ್ಮ ಎರ್ರಿಯಪ್ಪ ಭತ್ತಕ್ಕೆ ಔಷಧ ಹೊಡೆದು ಬಂದವನು ಸಂಜೆಯೊಳಗೆ ತೀರಿಕೊಂಡಿದ್ದ. ದನ ಬಾಯಿ ಹಾಕಬಾರದೆಂದು ಔಷಧದ ಪಂಪನ್ನು ಗದ್ದೆಯ ಒಂದೇ ಮೂಲೆಯಲ್ಲಿ ತೊಳೆಯುವುದು ನಮ್ಮ ರೂಢಿ. ದಿನಕರ್ಮ ಮುಗಿದ ಮೇಲೆ ಆ ಮೂಲೆಗೆ ಸುಣ್ಣ ತುಂಬಿಸಿ, ಶಾಂತಿ ಮಾಡಿಸಬೇಕೆಂದು ನಿಶ್ಚಯಿಸಿದ್ದೆ. ಆಳು ಗುಡ್ಡಪ್ಪ ಸುಣ್ಣದ ಚೀಲ ಬಿಚ್ಚುವಾಗ ಗಾಯತ್ರಿಯವರು ತಡೆದರು.

“ಸುಣ್ಣ ಬ್ಯಾಡ್ರಿ ಮೇಷ್ಟ್ರ. ಒಂದೀಟು ಮಣ್ಣು ಕೊಡ್ರಿ, ನೋಡಿ ಹೇಳ್ತೀನಿ.”

“ಮಂದಿ ಸಂಡೂರಾಗ ಅದಿರು ಅಗೀತಾರ, ಮೇಡಮ್ಮಾರಿಗೆ ವಿಷದ ಮಣ್ಣು ಬೇಕಂತ,” ಎಂದ ಗುಡ್ಡಪ್ಪ. ಯಾರೂ ನಗಲಿಲ್ಲ.

ಮಣ್ಣನ್ನು ಕಾಲೇಜಿನಲ್ಲಿ ಪರೀಕ್ಷಿಸಿ, ಕೆಲವು ವಾರಗಳ ಮೇಲೆ ಗಾಯತ್ರಿಯವರು ನಮ್ಮ ಮನೆಗೆ ಮರಳಿ ಬಂದು ಹೇಳಿದರು. ತಮ್ಮನನ್ನು ಕೊಂದ ವಿಷವೇ ಆ ಮೂಲೆಯ ಜೀವಾಣುಗಳಿಗೆ ಆಹಾರವಾಗಿತ್ತು. ಅದನ್ನು ಒಡೆಯುವ ಗುಣ ಅವುಗಳೊಳಗಿನ ಬಳೆಯಂಥ ಎಳೆಯೊಂದರಲ್ಲಿದೆಯಂತೆ. ಒಂದು ಜೀವಾಣು ಅದನ್ನು ಪಕ್ಕದ್ದಕ್ಕೆ ದಾಟಿಸುತ್ತದಂತೆ. ಸುಣ್ಣ ಬಿದ್ದಿದ್ದರೆ ಅವು ಸಾಯುತ್ತಿದ್ದವು, ವಿಷ ಉಳಿಯುತ್ತಿತ್ತು.

“ಹುಳಕ್ಕ ಕಲಿಸಿದ ದೇವರು ನನ್ನ ತಮ್ಮಗ ಯಾಕ ಕಲಿಸಲಿಲ್ಲವ್ವ?” ಎಂದೆ.



“ಯಾರೂ ಕಲಿಸಿಲ್ರಿ ಮೇಷ್ಟ್ರ. ಹುಟ್ಟುವಾಗ ಒಂದೊಂದರಾಗ ಸಣ್ಣ ಫರಕು ಇರತೈತಿ. ವಿಷ ಬಿದ್ದಾಗ ಲೆಕ್ಕ ಇಲ್ಲದಷ್ಟು ಸತ್ವು. ಯಾವಕ್ಕ ಅರಗಿತೋ ಅವು ಉಳದು ಬೆಳದ್ವು.”

ನಿತ್ಯ ಬಾಯಲ್ಲಿರುವ ವಿರೂಪಾಕ್ಷನ ಹೆಸರು ಆ ಹೊತ್ತು ನನಗೆ ಬರಲಿಲ್ಲ. ತಮ್ಮನನ್ನು ಕೊಂದದ್ದನ್ನು ಉಂಡು ಯಾವುದೂ ಬೆಳೆಯಬಾರದೆನಿಸಿ, ಸುಣ್ಣ ಹಾಕಿಸಿಯೇಬಿಡುತ್ತೇನೆಂದು ಎದ್ದೆ. ಬಾಗಿಲಲ್ಲಿ ತಮ್ಮನ ಹೆಂಡತಿ ಹೊಳೆಮ್ಮ ನಿಂತಿದ್ದಳು.

“ಬಿಡ್ರಿ ಭಾವ. ಆ ವಿಷನ ಮುಗಸೋದು ಒಂದಾರ ಐತಲ್ಲ. ತಿನ್ಲಿ.”

ನಾನು ಕುಳಿತೆ. ಗಾಯತ್ರಿಯವರು ಅವಳ ಕೈ ಹಿಡಿದುಕೊಂಡು ಕತ್ತಲಾಗುವವರೆಗೂ ಪಕ್ಕದಲ್ಲೇ ಇದ್ದರು.

ಆ ಮಣ್ಣಿನಿಂದ ಬೆಳೆಸಿದ ಜೀವಾಣುಗಳನ್ನು ಅವರೀಗ ಕಾಲುವೆಯಂಚಿನ ಕೆಟ್ಟ ನೆಲಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ವಿಷ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಆದ್ದರಿಂದ ಅವರ ಕೆಲಸಕ್ಕೆ ನಿವೃತ್ತಿಯಿಲ್ಲ. ಭಗವಂತನು ಅವರಿಗೆ ದೀರ್ಘಾಯುಷ್ಯ ಕೊಡಲೆಂದು ಬೇಡುತ್ತೇನೆ. ತಮ್ಮ ಹೋದ ಮೇಲೆ ದೇವರ ಮುಂದೆ ದೀಪವನ್ನೇನೋ ಹಚ್ಚುತ್ತಿದ್ದೆ. ಏನನ್ನಾದರೂ ಬೇಡುತ್ತಿರುವುದು ಇದೇ ಮೊದಲು.