ತೆಂಗಿನಮರ ಕೊಟ್ಟ ನಿಂಗಮ್ಮಜ್ಜಿ

ದೂರದವರೊಡನೆ ಮಾತಾಡುವ ನನ್ನ ಹವ್ಯಾಸಿ (ಹ್ಯಾಮ್) ರೇಡಿಯೊದ ಏರಿಯಲ್ ತಂತಿಯನ್ನು ತೆಂಗಿನಮರಕ್ಕೆ ಕಟ್ಟಿಸಿ ತಿರುಗಿದರೆ, ಮರದ ಒಡತಿ ನಿಂಗಮ್ಮಜ್ಜಿ ಹೊಸ ಸೀರೆಯುಟ್ಟು ನಿಂತಿದ್ದರು.

“ಮೇಷ್ಟ್ರೇ, ಈಗ ಪೂನಾದಾಗಿರೋ ಮಗಳ ಕೂಡ ಮಾತಾಡಾಕೆ ಆಗ್ತೈತೇನ್ರೀ?”

ಅದು ಎಂಬತ್ತರ ದಶಕದ ಸಾಸ್ವೆಹಳ್ಳಿ. ಸಿಡಿಲು ಬಡಿಯುತ್ತದೆಂದು ಅಕ್ಕಪಕ್ಕದವರೆಲ್ಲ ತಂತಿ ಬೇಡವೆಂದಾಗ ಅಜ್ಜಿಯೊಬ್ಬರೇ ಮರ ಕೊಟ್ಟಿದ್ದರು. ಯಾಕೆಂದು ಈ ಪ್ರಶ್ನೆಯಿಂದ ತಿಳಿಯಿತು. ಸೆಟ್ಟು, ಲೈಸೆನ್ಸ್ ಎರಡೂ ಇದ್ದವರಷ್ಟೇ ಇದರಲ್ಲಿ ಮಾತಾಡಬಹುದು, ಪ್ರವಾಹದಂಥ ಆಪತ್ತಿನಲ್ಲಿ ಮಾತ್ರ ಬೇರೆಯವರ ಸುದ್ದಿ ಮುಟ್ಟಿಸಬಹುದು ಎಂದು ತಡವರಿಸುತ್ತಾ ಹೇಳಿದೆ.

“ಹಂಗಾರೆ ಹೊಳೆ ಬಂದಾಗ ಕರೀರಿ” ಎಂದು ನಕ್ಕು ಒಳಗೆ ಹೋದರು. ತಂತಿ ಬಿಚ್ಚಿ ಅನ್ನಲಿಲ್ಲ. ಮರುವರ್ಷ ತೀರಿಕೊಂಡರು.

ಆಮೇಲೆ ಆ ತಂತಿಯಿಂದ ಎಷ್ಟೋ ದೂರದ ಅಪರಿಚಿತರ ಜತೆ ಹರಟಿದ್ದೇನೆ. ಅಜ್ಜಿಯ ಒಂದೇ ಒಂದು ಮಾತನ್ನೂ ಮಗಳಿಗೆ ಮುಟ್ಟಿಸಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.