ಬರುವ ಬಸ್ಸಿಗೆ ನಲವತ್ತು ಜನ

ಊರಿನಲ್ಲಿದ್ದದ್ದು ಮೂವತ್ತೊಂದು ಮನೆ, ನೂರ ಹನ್ನೆರಡು ಜನ, ದಿನಕ್ಕೊಂದೇ ಬಸ್ಸು. ಬೆಳಿಗ್ಗೆ ಎಂಟಕ್ಕೆ ಪೇಟೆಗೆ ಹೋಗಿ ಸಂಜೆ ನಾಲ್ಕಕ್ಕೆ ಅಲ್ಲಿಂದ ಹೊರಡುತ್ತಿತ್ತು. ಉಳಿದವರಿಗೆ ಅದು ಅನುಕೂಲ, ಸೂಜಿಯಕ್ಕನಿಗೆ ಉಸಿರು. ಬಟ್ಟೆ ಹೊಲಿದು ಬದುಕುತ್ತಿದ್ದ ಅವಳಿಗೆ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. "ಇಷ್ಟು ವರ್ಷ ನಾನು ಚುಚ್ಚಿದ್ದಕ್ಕೆ ಈಗ ಬಡ್ಡಿ ಸಮೇತ ನನಗೆ ಚುಚ್ತಾರೆ" ಎಂದು ನಗುತ್ತಿದ್ದಳು.

ಬಸ್ಸು ಖಾಲಿ ಓಡುತ್ತಿದೆಯೆಂದು ಡಿಪೋದಿಂದ ಎಣಿಕೆಯವನೊಬ್ಬ ಬಂದ. ಮೂರು ದಿನದಲ್ಲಿ ಒಟ್ಟು ಹೋಗುವಾಗ ನಲವತ್ತೈದು, ಬರುವಾಗ ನಲವತ್ತೈದು ಟಿಕೆಟ್ಟು ಆಗದಿದ್ದರೆ ಬಸ್ಸು ರದ್ದು. ಊರು ಸೊಂಟ ಕಟ್ಟಿ ನಿಂತಿತು. ಕೆಲಸವಿದ್ದವರೂ ಇಲ್ಲದವರೂ ಪೇಟೆಗೆ ಹೊರಟರು. ಎರಡೇ ದಿನದಲ್ಲಿ ಹೋಗುವ ಲೆಕ್ಕ ಎಂಬತ್ತು ದಾಟಿತು.

ಎರಡನೆಯ ಸಂಜೆ ಕಂಡಕ್ಟರು ಅವಳ ಹೊಲಿಗೆ ಯಂತ್ರದ ಮುಂದೆ ಬಂದು ನಿಂತ.

"ನಿಮ್ಮೂರಿನವರ ಬುದ್ಧಿಗೆ ಏನನ್ನಲಿ ಅಕ್ಕ? ಹೋಗೋವಾಗ ಕಾಲಿಡೋಕೆ ಜಾಗ ಇಲ್ಲ. ಬರೋವಾಗ ನಾನು, ಡ್ರೈವರು, ಆ ಎಣಿಸೋ ಮಹಾರಾಯ! ಎರಡು ದಿನಕ್ಕೆ ಐದೇ ಟಿಕೆಟ್ಟು. ನಾಳೆ ಒಂದೇ ದಿನ ನಲವತ್ತು ಆಗ್ಬೇಕು."

ಸೂಜಿಯಕ್ಕ ಯಂತ್ರ ನಿಲ್ಲಿಸಿದಳು. ಅವಳ ಮೈದುನನ ಹಾಲಿನ ಟೆಂಪೊ ಖಾಲಿ ಕ್ಯಾನುಗಳನ್ನು ಹೊತ್ತು ಮೂರೂವರೆಗೇ ಪೇಟೆ ಬಿಡುತ್ತಿತ್ತು, ಅದೂ ಪುಕ್ಕಟೆ. ಎಲ್ಲರೂ ಅದನ್ನೇ ಹತ್ತಿ ಬಂದಿದ್ದರು; ಬರುವ ಲೆಕ್ಕ ಯಾರಿಗೂ ನೆನಪಿರಲಿಲ್ಲ.

ಬೆಳಕಿರುವಾಗಲೇ ಮೂವತ್ತೊಂದು ಮನೆಯ ಬಾಗಿಲನ್ನೂ ಬಡಿದಳು. "ನಾಳೆ ಟೆಂಪೊ ಹತ್ತಿದವರ ಬಟ್ಟೆ ಜನ್ಮದಲ್ಲಿ ಹೊಲಿಯಲ್ಲ!"

ಮೂರನೆಯ ದಿನ ನಲವತ್ತೆರಡು ಜನ ಹೋದರು. ಅವಳ ಮನಸ್ಸು ತುಸು ಹಗುರಾಯಿತು. ಆದರೆ ಆಸ್ಪತ್ರೆಯಲ್ಲಿ ಯಂತ್ರ ತಡವಾಗಿ ಸಿಕ್ಕಿತು. ಸೂಜಿ ತೆಗೆದಾಗ ನಾಲ್ಕಕ್ಕೆ ಇನ್ನು ಹತ್ತೇ ನಿಮಿಷ. ನರ್ಸು ಮಲಗೆಂದರೂ ಕೇಳದೆ, ತೋಳಿಗೆ ಹತ್ತಿ ಒತ್ತಿಕೊಂಡು ಬಸ್ ನಿಲ್ದಾಣಕ್ಕೆ ಬಂದಳು. ಬಸ್ಸು ಹತ್ತಿ ಜನರನ್ನು ಎಣಿಸಿದಳು. ತಾನೂ ಸೇರಿ ಇಪ್ಪತ್ತೊಂಬತ್ತು. ಮೂವರು ನೆಂಟರ ಮನೆಯಲ್ಲೇ ಉಳಿದಿದ್ದರು. ಮಿಕ್ಕವರು?

"ಕಾದು ಕಾದು ಬೇಜಾರಾಗಿ ಟೆಂಪೊ ಹತ್ತಿದ್ರು" ಎಂದಿತು ಹಿಂದಿನ ಸೀಟು.

"ಐದು ನಿಮಿಷ ನಿಲ್ಸಪ್ಪ" ಎಂದಳು ಡ್ರೈವರಿಗೆ. ಎಣಿಕೆಯವನು ಗಡಿಯಾರ ತೋರಿಸಿದ. ಬಸ್ಸು ಹೊರಟಿತು. ಅವಳು ಕೂರಲಿಲ್ಲ, ಮುಂದಿನ ಕಂಬಿ ಹಿಡಿದು ರಸ್ತೆಯನ್ನೇ ನೋಡುತ್ತ ನಿಂತಳು.

ಊರು ಎರಡು ಮೈಲಿಯಿರುವಾಗ ಕವಲು ದಾರಿಯ ಚಹಾದಂಗಡಿ. ಅದೂ ಒಂದು ನಿಲ್ದಾಣ. ಅಂಗಡಿಯ ಮುಂದೆ ಟೆಂಪೊ ನಿಂತಿತ್ತು! ಕಂಡಕ್ಟರು ಸೀಟಿ ಊದುವ ಮೊದಲೇ ಅವಳು ಇಳಿದಿದ್ದಳು.

"ಹತ್ರೋ ಬಸ್ಸಿಗೆ! ಲೋಟ ಇಡ್ರೋ ಕೆಳಗೆ!"

"ಅತ್ತಿಗೆ, ಊರು ಇಲ್ಲೇ ಕಾಣ್ತಿದೆ. ಇಷ್ಟಕ್ಕೂ ಟಿಕೆಟ್ಟಾ?" ಎಂದ ಮೈದುನ.

"ಇಷ್ಟಕ್ಕೇ ಕಣೋ. ನೀವು ನಡೆದು ಮುಟ್ತೀರಿ, ನಾನು ಮುಟ್ಟಲ್ಲ."

ತಲೆ ತಗ್ಗಿಸಿ ಒಬ್ಬೊಬ್ಬರೇ ಹತ್ತಿದರು. ಹತ್ತು ಜನ. ಅಲ್ಲಿಗೆ ಮೂವತ್ತೊಂಬತ್ತು. ಅವಳು ಸುತ್ತ ನೋಡಿದಳು. ಮತ್ಯಾರೂ ಇರಲಿಲ್ಲ. ಎಣಿಕೆಯವನು ಪೆನ್ನಿನ ಮುಚ್ಚಳ ಹಾಕತೊಡಗಿದ.

ಅವಳ ತೋಳಿನ ಹತ್ತಿ ಪೂರ್ತಿ ಕೆಂಪಾಗಿ ಮೊಣಕೈವರೆಗೆ ಇಳಿದಿತ್ತು. ಮೈದುನ ಅದನ್ನು ನೋಡಿದ. ಟೆಂಪೊದ ಕೀಲಿ ಕಿತ್ತು ಜೇಬಿಗೆ ಹಾಕಿದ.

"ಕ್ಯಾನು ಕಾಯೋರು ಯಾರೋ?" ಎಂದ ಅಂಗಡಿಯವನು.

"ಖಾಲಿ ಕ್ಯಾನು ಕದ್ದು ಏನು ಕುಡೀತಾರೆ!" ಎನ್ನುತ್ತ ಮೈದುನ ಅತ್ತಿಗೆಯ ತೋಳನ್ನು ತನ್ನ ಕರವಸ್ತ್ರದಿಂದ ಬಿಗಿದು, ಅವಳನ್ನು ಹತ್ತಿಸಿ, ತಾನೂ ಹತ್ತಿ ಟಿಕೆಟ್ಟಿಗೆ ಕೈಚಾಚಿದ.

"ಇದು ನ್ಯಾಯವೇನ್ರಿ?" ಎಂದ ಎಣಿಕೆಯವನು.

"ಟಿಕೆಟ್ಟು ಹರಿದಿದ್ದೀನಿ ಸ್ವಾಮಿ. ಬರ್ಕೊಳ್ಳಿ" ಎಂದ ಕಂಡಕ್ಟರು.

ಎಣಿಕೆಯವನು ಅವಳ ತೋಳನ್ನೊಮ್ಮೆ ನೋಡಿ ಬರೆದುಕೊಂಡ.

ಬಸ್ಸು ಉಳಿಯಿತು. ಅದರಲ್ಲಿ ಅವಳು ಇನ್ನೂ ಎರಡು ವರ್ಷ ನಾಲ್ಕು ತಿಂಗಳು ಓಡಾಡಿದಳು.