ಒಂಬತ್ತು ಸೀಟಿನ ಗಾಡಿ ಬೇಡ ಎಂದದ್ದು

ಇಟಲಿಯಲ್ಲಿ ಹನ್ನೆರಡು ದಿನ ಯಾವುದರಲ್ಲಿ ಓಡಾಡಬೇಕು ಎಂಬುದನ್ನು ನಾನೇ ತೀರ್ಮಾನಿಸಬೇಕೆಂದು ಮನೆಯವರು ಒಪ್ಪಿಸಿದಾಗ ಆದ ಸಂತೋಷವನ್ನು ನಾನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಹೊರಗೆ ಹೋಗಿ ಕಸದ ಡಬ್ಬಿಯನ್ನು ರಸ್ತೆಯವರೆಗೆ ತಳ್ಳಿಟ್ಟು ಬಂದೆ. ಅವತ್ತು ಕಸ ಒಯ್ಯುವ ದಿನವೇ ಆಗಿರಲಿಲ್ಲ.

ಹೊರಟವರು ಒಂಬತ್ತು ಜನ. ಎಲ್ಲರೂ ಇರುವುದು ಅಮೆರಿಕದ ಟೆಕ್ಸಸ್‌ನಲ್ಲೇ. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ನಾನು, ನನ್ನ ಹೆಂಡತಿ, ನಮ್ಮ ಜೊತೆಗೇ ಇರುವ ಅತ್ತೆ. ಅಲೆನ್‌ನಲ್ಲಿ ಹೆಂಡತಿಯ ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು. ಸೀಡರ್ ಪಾರ್ಕ್‌ನಲ್ಲಿ ಹೆಂಡತಿಯ ತಂಗಿ ಮತ್ತು ಅವಳ ಗಂಡ, ಅಂದರೆ ನನ್ನ ಷಡ್ಡಕ. ಮೂರು ಮನೆಗೂ ನಡುವೆ ಗಂಟೆಗಟ್ಟಲೆ ದಾರಿ. ಹಾಗಾಗಿ ಎಲ್ಲ ಮಾತೂ ಭಾನುವಾರದ ವಿಡಿಯೋ ಕಾಲ್‌ನಲ್ಲೇ ನಡೆಯುತ್ತಿತ್ತು.

ಭಾಮೈದನಿಗೆ ದೊಡ್ಡ ವ್ಯಾನ್ ಬೇಕು. ಅವನು ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ನಾಲ್ಕು ದಿನಕ್ಕೆ ಮನೆ ಬುಕ್ ಮಾಡಿಯಾಗಿತ್ತು. ಹತ್ತಿರದಲ್ಲಿ ಎಲ್ಲೂ ಸ್ಟೇಷನ್ ಇಲ್ಲ. ಷಡ್ಡಕನಿಗೆ ಎರಡು ಕಾರು ಬೇಕು, ಏಕೆಂದರೆ ಅವನಿಗೆ ಬೆಳಗ್ಗೆ ಬೇಗ ಏಳಲು ಆಗುವುದಿಲ್ಲ. ನಾದಿನಿಗೆ ರೈಲು ಬೇಕು. ಒಬ್ಬೊಬ್ಬರೂ ಒಂದೊಂದು ಎಕ್ಸೆಲ್ ಶೀಟ್ ಮಾಡಿದ್ದರು. ಶೀಟುಗಳು ಜಗಳವಾಡಿ ಮನುಷ್ಯರೂ ಜಗಳವಾಡುವ ಹಂತಕ್ಕೆ ಬಂದಾಗ, ಅಷ್ಟು ಹೊತ್ತೂ ಸುಮ್ಮನೆ ಕೂತು ಕೇಳುತ್ತಿದ್ದ ಅತ್ತೆ ಫೋನಿನ ಕಡೆ ಬಾಗಿ ಹೇಳಿದರು:

"ಸಾಕು ನಿಲ್ಸಿ. ಅಳಿಯಂದಿರಿಗೆ ಬಿಡಿ. ಗಾಡಿ ವಿಷಯ ಅವರಿಗಿಂತ ಯಾರಿಗೆ ಗೊತ್ತು?"

"ಡನ್. ಭಾವ ಏನ್ ಹೇಳ್ತಾರೋ ಅದೇ ಫೈನಲ್," ಎಂದ ಭಾಮೈದ. "ಬಟ್ ಭಾವ, ಮನೆ ಕ್ಯಾನ್ಸಲ್ ಮಾಡೋಕೆ ಇನ್ನು ಮೂರೇ ವಾರ ಇರೋದು. ಅಷ್ಟರೊಳಗೆ ಹೇಳ್ಬಿಡಿ."

ಗಾಡಿಯ ವಿಷಯ ನನಗೆ ಗೊತ್ತಿತ್ತು, ಅದು ನಿಜ. ನಾನು ಹರಿಹರದವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕ್ಲೀನರ್ ಆದೆ, ಆಮೇಲೆ ಡ್ರೈವರ್ ಆದೆ. ಮದುವೆ ದಿಬ್ಬಣ, ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಂದು ಹದಿನಾರು ವರ್ಷ ಮ್ಯಾಕ್ಸಿಕ್ಯಾಬ್ ಓಡಿಸಿದೆ. ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದಾಗ ನನಗೆ ಇಪ್ಪತ್ತೇಳು ವರ್ಷ. ನನ್ನ ಹೆಂಡತಿ ನರ್ಸ್. ಅವಳಿಗೆ ಹ್ಯೂಸ್ಟನ್‌ನಲ್ಲಿ ಕೆಲಸವಾಯಿತು, ಅವಳ ಹಿಂದೆ ನಾನೂ ಬಂದೆ. ಇಲ್ಲಿಯೂ ವಯಸ್ಸಾದವರ ಡೇ ಸೆಂಟರ್ ಒಂದಕ್ಕೆ ವ್ಯಾನ್ ಓಡಿಸುತ್ತೇನೆ. ಉಳಿದವರೆಲ್ಲ ಇಂಜಿನಿಯರುಗಳು. ನನ್ನನ್ನು ಯಾರೂ ಒಂದು ದಿನವೂ ಕಡೆಗಣಿಸಿಲ್ಲ. ಆದರೆ ಅವರಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ. ಅವರ ಮಾತು ಆಫೀಸಿನ ಕಡೆ ತಿರುಗಿದಾಗ ನಾನು ಎದ್ದು ಹೋಗಿ ಜಗ್ಗಿಗೆ ನೀರು ತುಂಬಿಸಿಕೊಂಡು ಬರುತ್ತಿದ್ದೆ.

ಈಗ ಬೇಕಾಗಿತ್ತು. ಇಟಲಿಯಲ್ಲಿ ನಮ್ಮಂಥ ಲೈಸೆನ್ಸಿಗೆ ಒಂಬತ್ತು ಸೀಟಿನವರೆಗೆ ಮಾತ್ರ ಗಾಡಿ ಕೊಡುತ್ತಾರೆ. ನಾವು ಸರಿಯಾಗಿ ಒಂಬತ್ತು ಜನ. ನಮ್ಮ ತಾರೀಖಿಗೆ ಸಿಗುತ್ತಿದ್ದದ್ದು ಕೈಗೇರಿನ ವ್ಯಾನ್ ಮಾತ್ರ. ಟೆಕ್ಸಸ್‌ನಲ್ಲಿ ಆಟೋಮ್ಯಾಟಿಕ್ ಓಡಿಸಿ ಕಲಿತ ಇವರಲ್ಲಿ ಒಬ್ಬರಿಗೂ ಕ್ಲಚ್ ಗೊತ್ತಿಲ್ಲ. ಅವರೆಲ್ಲರನ್ನೂ ಒಂದೇ ಗಾಡಿಯಲ್ಲಿ ಕೂರಿಸಿ, ಎಲ್ಲಿಗೆಂದರೆ ಅಲ್ಲಿಗೆ ಕರೆದುಕೊಂಡು ಹೋಗುವವನು ನಾನಾಗಬೇಕೆಂದು ನನಗೆ ಆಸೆಯಾಯಿತು. ಬೇರೆ ಯಾವ ಕಾರಣ ಹೇಳಿದರೂ ಸುಳ್ಳಾಗುತ್ತದೆ.

ಆ ಮೂರು ವಾರ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಹಳೆಯ ಊರುಗಳ ಒಳಗೆ ಹೊರಗಿನ ಗಾಡಿ ಬಿಡುವುದಿಲ್ಲ, ಕ್ಯಾಮೆರಾ ಇಟ್ಟಿರುತ್ತಾರೆ ಎಂದು ಓದಿದೆ. ಆ ಗೆರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಮ್ಯಾಪ್ ಹಿಗ್ಗಿಸಿ ನೋಡಿದೆ. ಅಲ್ಲಿನ ಬೀದಿಗಳ ವಿಡಿಯೋ ನೋಡಿ ಡೇ ಸೆಂಟರಿನ ಪಾರ್ಕಿಂಗ್‌ನಲ್ಲಿ ಎರಡು ಕೋನ್ ಇಟ್ಟು ಸಂದಿಯಲ್ಲಿ ವ್ಯಾನ್ ತೂರಿಸಿದೆ. ಸೆಂಟರಿಗೆ ಬರುವ ಗುಜರಾತಿ ಅಂಕಲ್ ಒಬ್ಬರು ಕಿಟಕಿಯಿಂದ ನೋಡಿ, "ಕ್ಯಾ ಭಾಯ್, ಫಿರ್ ಸೇ ಲೈಸೆನ್ಸ್ ಟೆಸ್ಟ್?" ಎಂದು ನಕ್ಕರು. ಫ್ಯಾಮಿಲಿ ಗ್ರೂಪಿನಲ್ಲಿ ಪ್ರಶ್ನೆಗಳು ಬರುತ್ತಲೇ ಇದ್ದವು. ನಾನು ಒಂದು ಬೆರಳಿನಲ್ಲಿ ಟೈಪ್ ಮಾಡಿ ಉತ್ತರ ಕಳಿಸುವ ಹೊತ್ತಿಗೆ ಅವರು ಬೇರೆ ಪ್ರಶ್ನೆಗೆ ಹೋಗಿರುತ್ತಿದ್ದರು.

ಕೊನೆಗೆ ಒಂದು ರಿಹರ್ಸಲ್ ಮಾಡೋಣ ಎಂದೆ. ಅಲೆನ್‌ನಲ್ಲಿ ಭಾಮೈದನ ಮಗಳ ಹುಟ್ಟುಹಬ್ಬ ಇತ್ತು. ಸ್ಟಾಫರ್ಡ್‌ನಿಂದ ಬಾಡಿಗೆ ವ್ಯಾನ್‌ನಲ್ಲಿ ಹೊರಟು, ಸೀಡರ್ ಪಾರ್ಕ್‌ನಲ್ಲಿ ನಾದಿನಿಯನ್ನೂ ಷಡ್ಡಕನನ್ನೂ ಹತ್ತಿಸಿಕೊಂಡು, ಅಲೆನ್‌ಗೆ ಹೋಗುವುದು. ಇಟಲಿಗೆ ಒಯ್ಯುವ ಸಾಮಾನನ್ನೆಲ್ಲ ಈಗಲೇ ಕಟ್ಟಿ ಒಯ್ಯುವುದು. ಒಂಬತ್ತು ಸೀಟಿನದು ಇಲ್ಲಿ ಸಿಗಲಿಲ್ಲ, ಹನ್ನೆರಡರದು ಸಿಕ್ಕಿತು. ಮೂರು ಸೀಟು ಇಲ್ಲವೇ ಇಲ್ಲ ಎಂದುಕೊಳ್ಳಬೇಕು ಎಂದು ಅವಕ್ಕೆ ಹಗ್ಗ ಕಟ್ಟಿದೆ.

"ಪಾಪ, ಆ ಸೀಟುಗಳು ಏನ್ ತಪ್ಪು ಮಾಡಿದ್ವು?" ಎಂದಳು ಹೆಂಡತಿ. ಅವಳು ಎರಡು ದಿನ ಉದ್ದನೆಯ ಡ್ಯೂಟಿ ಮುಗಿಸಿ ಬಂದಿದ್ದಳು. ಗಾಡಿ ಹೊರಡುವ ಮುಂಚೆಯೇ ಹಿಂದಿನ ಸಾಲಿನಲ್ಲಿ ಮಲಗಿ ನಿದ್ದೆ ಹೋದಳು.

ಅತ್ತೆ ಮುಂದಿನ ಸೀಟಿನಲ್ಲಿ, ನನ್ನ ಪಕ್ಕ. ಎಪ್ಪತ್ತನಾಲ್ಕು ವರ್ಷ, ಮಂಡಿ ನೋವು ಬಿಟ್ಟರೆ ಗಟ್ಟಿ ಜೀವ. ನಮ್ಮಿಬ್ಬರ ನಡುವೆ ಪ್ರೀತಿ ಇದೆ, ಆದರೆ ಸಲುಗೆ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ನನ್ನನ್ನು ನೇರವಾಗಿ ಏನನ್ನೂ ಕೇಳುವುದಿಲ್ಲ. ಉಪ್ಪು ಬೇಕಾದರೂ ಮಗಳಿಗೆ ಹೇಳುತ್ತಾರೆ. ಅಳಿಯ ಎಂದರೆ ಅವರಿಗೆ ಹಾಗೆ.

ಸ್ಟಾಫರ್ಡ್ ಬಿಟ್ಟವನು ಸೀಡರ್ ಪಾರ್ಕ್‌ವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಊರಲ್ಲಿ ಓಡಿಸುವಾಗಲೂ ನನ್ನ ಹೆಸರು ಅದಕ್ಕೇ ಇತ್ತು. ಹತ್ತಿದರೆ ಇಳಿಯುವುದು ದೇವಸ್ಥಾನದ ಮುಂದೆಯೇ. ಸೀಡರ್ ಪಾರ್ಕ್‌ನಲ್ಲಿ ಬಾಗಿಲು ತೆರೆದ ಕೂಡಲೇ ಅತ್ತೆ ಮಗಳನ್ನೂ ಮಾತಾಡಿಸದೆ ಒಳಗೆ ಹೋದರು. ನಾನು ಆಗ ಸೂಟ್‌ಕೇಸ್ ಎಣಿಸುತ್ತಿದ್ದೆ.

ನಾದಿನಿ ಕಾಫಿ ತಂದಳು. ಅತ್ತೆ ಬೇಡ ಎಂದರು.

"ಯಾಕಮ್ಮ, ಕಾಫಿ ಬಿಟ್ಬಿಟ್ಯಾ? ಹುಷಾರಿಲ್ವಾ?"

"ಹೊರಡೋ ಟೈಮಲ್ಲಿ ಎಂಥ ಕಾಫಿ. ಆಮೇಲೆ ಕುಡಿದ್ರಾಯ್ತು."

ಷಡ್ಡಕ ಅವನ ಸಾಮಾನು ತಂದ. ಎರಡು ಸೂಟ್‌ಕೇಸ್, ಒಂದು ರೈಸ್ ಕುಕ್ಕರ್, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ತುಂಬಿದ ಒಂದು ಚೀಲ. ನಮ್ಮದೂ ಅಂಥದೇ ಒಂದು ಚೀಲ ಒಳಗಿತ್ತು.

"ಅಲ್ಲ ಮಾರಾಯ, ಇಟಲಿಲಿ ಊಟ ಸಿಗಂಗಿಲ್ಲ ಅಂದ್ಕಂಡಿಯಾ?" ಎಂದೆ.

"ಅಣ್ಣ, ನಿಮ್ಮ ಚೀಲದಲ್ಲಿ ಮಿಕ್ಸಿ ಇದೆ. ನಾನು ನೋಡ್ದೆ. ನೀವು ಮಾತಾಡ್ಬೇಡಿ."

ಹೈವೇ ಹಿಡಿಯುವುದೇ ಕಷ್ಟವಾಯಿತು. ಗಾಡಿಗಳು ಇಂಚಿಂಚು ಸರಿಯುತ್ತಿದ್ದವು. ವೇಕೋ ಹತ್ತಿರ ಷಡ್ಡಕ ಹಿಂದಿನಿಂದ, "ಅಣ್ಣ, ಎಲ್ಲಾದ್ರೂ ಐದು ನಿಮಿಷ ನಿಲ್ಸೋಣ್ವಾ? ಕಾಲು ಹಿಡ್ಕೊಂಡಿದೆ," ಎಂದ.

"ಇನ್ನೊಂದು ಅರ್ಧ ಗಂಟೆ ತಡಿ. ಈಗ ಸರಾಗ ಸಿಕ್ಕೈತಿ, ಬಿಟ್ರೆ ಮತ್ತೆ ಡಲ್ಲಾಸ್‌ನಾಗೆ ಸಿಕ್ಕಾಕ್ಕಂತೀವಿ."

"ಪೈಲಟ್ ಸಾಹೇಬ್ರು ಹೇಳಿದ್ಮೇಲೆ ಮುಗೀತು," ಎಂದು ಅವನು ಕಾಲು ಚಾಚಿಕೊಂಡ. ಅರ್ಧ ಗಂಟೆಯಾದ ಮೇಲೂ ನಾನು ನಿಲ್ಲಿಸಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ಅತ್ತೆ ಎರಡೂ ಕೈಯನ್ನು ತೊಡೆಯ ಮೇಲೆ ಜೋಡಿಸಿಕೊಂಡು ನೇರ ರಸ್ತೆ ನೋಡುತ್ತ ಕೂತಿದ್ದರು. ನೀರಿನ ಬಾಟಲಿ ಪಕ್ಕದಲ್ಲಿ ತುಂಬಿದಂತೆಯೇ ಇತ್ತು. ದಾರಿ ಚೆನ್ನಾಗಿ ಸಾಗುತ್ತಿದೆ, ಅವರಿಗೂ ಖುಷಿಯಾಗಿದೆ ಎಂದೇ ನಾನು ತಿಳಿದೆ.

ಅಲೆನ್ ತಲುಪಿದಾಗ ಮಧ್ಯಾಹ್ನ ಬಿಸಿಲು ಉರಿಯುತ್ತಿತ್ತು. ಭಾಮೈದ, ಅವನ ಹೆಂಡತಿ, ಮಕ್ಕಳು ಎಲ್ಲರೂ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ನಾನು ಇಳಿದು ಹಿಂದಿನ ಬಾಗಿಲಿಗೆ ಹೋದೆ. ಆಗಲೇ ಮುಂದೆ ಯಾರೋ "ಅಮ್ಮಾ!" ಎಂದು ಕೂಗಿದರು. ಅತ್ತೆ ಮೆಟ್ಟಿಲಿನಿಂದ ಇಳಿದವರು ಎರಡು ಹೆಜ್ಜೆ ಇಟ್ಟು, ಗಾಡಿಯನ್ನು ಹಿಡಿದುಕೊಂಡು, ಹಾಗೇ ಡ್ರೈವ್‌ವೇ ಮೇಲೆ ಕುಸಿದು ಕೂತಿದ್ದರು. ಹೆಂಡತಿಯೂ ನಾದಿನಿಯೂ ಎತ್ತಿ ಒಳಗೆ ಕರೆದುಕೊಂಡು ಹೋದರು. ಮುಂದಿನ ಕೋಣೆಯ ಕಿಟಕಿ ತೆರೆದಿತ್ತು. ನಾನು ಕೈಯಲ್ಲಿ ಸೂಟ್‌ಕೇಸ್ ಹಿಡಿದು ಅದರ ಕೆಳಗೇ ನಿಂತಿದ್ದೆ.

"ನಾಲಿಗೆ ನೋಡು ಹೇಗೆ ಒಣಗಿದೆ. ಬೆಳಗ್ಗೆಯಿಂದ ಏನು ಕುಡ್ದಿದೀಯಮ್ಮ?" ಇದು ನನ್ನ ಹೆಂಡತಿ.

"ಮಾತ್ರೆಗೆ ಎರಡು ಗುಟುಕು."

"ಅಷ್ಟೇನಾ? ಹೊರಟು ಏಳು ಗಂಟೆ ಮೇಲಾಯ್ತು! ಯಾಕೆ?"

"ಮೆತ್ತಗೆ ಮಾತಾಡೇ. ಕುಡಿದ್ರೆ ಆಮೇಲೆ ತಡೆಯೋಕಾಗಲ್ಲ ನಂಗೆ ಈಗ. ಗಾಡಿ ಓಡಿಸ್ತಿರೋ ಅಳಿಯಂದಿರಿಗೆ ನಿಲ್ಸಿ ಅಂತ ಹೇಳಕ್ಕಾಗತ್ತಾ? ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ?"

"ನನ್ನ ಎಬ್ಬಿಸ್ಬೇಕಿತ್ತು."

"ನೀನು ಎರಡು ದಿನ ನಿದ್ದೆ ಇಲ್ದೆ ಬಂದಿದ್ದೆ. ಹೋಗ್ಲಿ ಬಿಡು. ನಾವೆಲ್ಲ ಹೀಗೇ ಅಲ್ವಾ ಟೂರ್ ಮಾಡಿದ್ದು. ಹೊರಡೋ ಹಿಂದಿನ ದಿನದಿಂದಲೇ ನೀರು ಕಮ್ಮಿ ಮಾಡೋದು."

ನಾನು ಸೂಟ್‌ಕೇಸ್ ಕೆಳಗಿಟ್ಟೆ. ಹದಿನಾರು ವರ್ಷ ನನ್ನ ಗಾಡಿಯಲ್ಲಿ ಕೂತ ಹೆಂಗಸರು ಎಷ್ಟು ಸಾವಿರವೋ. ಅಜ್ಜಿಯರು, ಬಸುರಿಯರು, ಮದುಮಗಳ ಗೆಳತಿಯರು. ಗಂಡಸರು ನಿಲ್ಲಿಸು ಎಂದರೆ ಯಾವುದಾದರೂ ಮರದ ಹತ್ತಿರ ನಿಲ್ಲಿಸುತ್ತಿದ್ದೆ, ಅದನ್ನು ನಿಲ್ಲಿಸಿದ್ದು ಎಂದು ಎಣಿಸುತ್ತಿರಲಿಲ್ಲ. ಹೆಂಗಸರು ಒಬ್ಬರೂ ಕೇಳಿದ ನೆನಪಿಲ್ಲ. ಅವರಿಗೆ ಪ್ರಯಾಣ ಅಭ್ಯಾಸವಾಗಿದೆ ಎಂದುಕೊಂಡಿದ್ದೆ. ನನ್ನ ಗಾಡಿ ನಾನ್‌ಸ್ಟಾಪ್ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಒಂದೆರಡು ಲೋಟ ಮಜ್ಜಿಗೆ ಒಳಗೆ ಹೋದ ಮೇಲೆ ಅತ್ತೆ ಚೇತರಿಸಿಕೊಂಡರು. ಹೊರಗೆ ಬಂದು ಬಿಸಿಲನ್ನು ಬೈದರು, ಮೊಮ್ಮಗಳ ಕೇಕಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲರೂ ಬಿಸಿಲೆಂದೇ ನಂಬಿದರು. ಹೆಂಡತಿ ನನಗೆ ಏನೂ ಹೇಳಲಿಲ್ಲ. ಅಮ್ಮನಿಗೆ ಮಾತು ಕೊಟ್ಟಿರಬೇಕು.

ಕೇಕ್ ತಿನ್ನುವಾಗ ನಾನು ಮನಸ್ಸಿನಲ್ಲೇ ದಾರಿ ಹುಡುಕುತ್ತಿದ್ದೆ. ಗಂಟೆಗೊಮ್ಮೆ ನಾನಾಗಿಯೇ ನಿಲ್ಲಿಸಿದರೆ? ಆಗ ಅವರಿಗೆ ಗೊತ್ತಾಗುತ್ತದೆ, ನನಗೆ ಗೊತ್ತಾಗಿದೆ ಎಂದು. ಟೈರ್ ನೋಡುವ ನೆಪ ಮಾಡಿದರೆ? ಹನ್ನೆರಡು ದಿನ ಎಷ್ಟು ಸಲ ಟೈರ್ ನೋಡುವುದು? ನಿಲ್ಲಿಸಿದರೂ ಆ ಬೆಟ್ಟದ ದಾರಿಯಲ್ಲಿ ಬಾತ್‌ರೂಮ್ ಇರಬೇಕಲ್ಲ. ಪ್ರತಿ ಸಲ ಆ ಎತ್ತರದ ಮೆಟ್ಟಿಲು ಇಳಿದು ಹತ್ತಬೇಕು. ನಾನು ಎಷ್ಟೇ ಜಾಣತನ ಮಾಡಿದರೂ, ಸ್ಟೀರಿಂಗ್ ಹಿಡಿದವನು ಅಳಿಯ ಎಂಬುದು ಬದಲಾಗುವುದಿಲ್ಲ. ಅವರು ನೀರು ಕುಡಿಯುವುದಿಲ್ಲ. ರೈಲಿನಲ್ಲಾದರೆ ಎದ್ದು ಹೋಗಲು ಯಾರನ್ನೂ ಕೇಳಬೇಕಾಗಿಲ್ಲ. ಇದು ಅರ್ಥವಾದ ಮೇಲೂ ನಾನು ತಟ್ಟೆ ಹಿಡಿದು ಅಡುಗೆಮನೆಗೂ ಹಾಲ್‌ಗೂ ನಾಲ್ಕು ಸಲ ಓಡಾಡಿದೆ.

ಕೊನೆಗೆ ಎಲ್ಲರೂ ಕೂತಿದ್ದಾಗ ಹೇಳಿದೆ. "ರೈಲು."

ಭಾಮೈದ ನಕ್ಕ. ನಾನು ನಗದಿದ್ದುದನ್ನು ನೋಡಿ ಅವನ ನಗು ನಿಂತಿತು. "ಭಾವ, ಸೀರಿಯಸ್ಸಾ? ಟ್ರೈನ್ ಅಂದ್ರೆ ಬೆಟ್ಟದ ಮನೆ ಹೋಯ್ತು."

"ಹೋಗ್ಲಿ. ಸ್ಟೇಷನ್ ಹತ್ರ ಇರೋ ಊರಾಗೆ ಬೇರೆ ಮನಿ ನೋಡು."

"ಬೆಳಗ್ಗೆವರೆಗೂ ವ್ಯಾನ್ ವ್ಯಾನ್ ಅಂತಿದ್ರಿ. ಈಗೇನಾಯ್ತು?"

"ಸಾಮಾನು ನೋಡಿದ್ಯಲ್ಲ. ಒಂಬತ್ತು ಜನ ಕೂತ್ರೆ ಅದು ಹಿಡ್ಸಂಗಿಲ್ಲ."

"ಮಿಕ್ಸಿ ಬಿಟ್ಟು ಬನ್ನಿ ಭಾವ! ಅದಕ್ಕೆ ಟ್ರೈನಾ?"

ಷಡ್ಡಕ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ. "ಅಣ್ಣ, ಸತ್ಯ ಹೇಳಿ. ಆ ಇಕ್ಕಟ್ಟು ರೋಡು, ಕ್ಯಾಮೆರಾ, ಗೇರು ಬಿಟ್ಟು ಎಷ್ಟೋ ವರ್ಷ ಆಗಿರೋದು... ಹೆದರಿಕೆ ಆಯ್ತಾ?"

ಅತ್ತೆ ಸೋಫಾದ ತುದಿಯಲ್ಲಿ ಕೂತು ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಅವರ ಬೆರಳು ನಿಂತದ್ದನ್ನು ನಾನು ನೋಡಿದೆ. ನಾನು ಏನು ಹೇಳಿಬಿಡುತ್ತೇನೋ ಎಂದು ಅವರಿಗೆ ಅನ್ನಿಸಿರಬೇಕು. ಕಿಟಕಿ ತೆರೆದಿದ್ದದ್ದು ಅವರಿಗೂ ನೆನಪಾಗಿರಬೇಕು.

"ಹ್ಞೂ ಕಣಪ್ಪ," ಎಂದೆ. "ಹೆದರಿಕೆ ಆತು. ಒಂಬತ್ತು ಜೀವ ಇಟ್ಕಂಡು ಗೊತ್ತಿಲ್ಲದ ಊರಾಗೆ ಓಡ್ಸೋ ಧೈರ್ಯ ಈಗ ಇಲ್ಲ ನಂಗೆ."

ಯಾರೂ ಅಣಕಿಸಲಿಲ್ಲ. ಅದೇ ಕಷ್ಟವಾಯಿತು. ಭಾಮೈದ ಎದ್ದು ಬಂದು ನನ್ನ ಭುಜ ತಟ್ಟಿ, "ಇಟ್ಸ್ ಓಕೆ ಭಾವ, ವಯಸ್ಸಾದ್ಮೇಲೆ ನಾರ್ಮಲ್," ಎಂದ. ಅವನಿಗಿಂತ ನಾನು ಹನ್ನೊಂದೇ ವರ್ಷ ದೊಡ್ಡವನು. ನಾದಿನಿ ತನ್ನ ಶೀಟ್ ಗೆದ್ದಿತೆಂದು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಜಡೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿ ತಲೆ ತಿರುಗಿಸಿ, "ಮಾವ, ಸೋ ಯು ಆರ್ ನಾಟ್ ಡ್ರೈವಿಂಗ್ ಅಸ್?" ಎಂದಳು.

"ಇಲ್ಲ ಪುಟ್ಟಿ."

"ಅವರು ಇಷ್ಟು ವರ್ಷ ಓಡ್ಸಿದ್ದು ಸಾಕು," ಎಂದರು ಅತ್ತೆ, ಜಡೆಯನ್ನೇ ನೋಡುತ್ತ. "ನಮ್ಮ ಜೊತೆ ಕೂತ್ಕೊಂಡು ಅವರೂ ಊರು ನೋಡ್ಲಿ."

ಸೀಟು ಆರಿಸುವ ಕೆಲಸ ಮಾತ್ರ ನನಗೇ ಬಿಡಿ ಎಂದು ಕೇಳಿಕೊಂಡೆ. ಅಷ್ಟಾದರೂ ಮಾಡಲಿ ಎಂದು ಬಿಟ್ಟುಕೊಟ್ಟರು. ಮೂರು ದಿನ ಒಂದೊಂದು ಬೋಗಿಯ ಚಿತ್ರ ನೋಡಿ, ಬಾಗಿಲು ಎಲ್ಲಿ, ಬಾತ್‌ರೂಮ್ ಎಲ್ಲಿ ಎಂದು ಗುರುತು ಹಾಕಿಕೊಂಡೆ. ಅತ್ತೆಗೆ ಬಾತ್‌ರೂಮಿನಿಂದ ಮೂರನೇ ಸಾಲು, ಓಡಾಡುವ ಹಾದಿಯ ಪಕ್ಕ. ಮೊದಲ ಸಾಲಾದರೆ ಬೇಕೆಂದೇ ಹಾಕಿದ್ದಾರೆ ಅನ್ನಿಸುತ್ತದೆ. ನನ್ನ ಸೀಟನ್ನು ಬೋಗಿಯ ಇನ್ನೊಂದು ತುದಿಯಲ್ಲಿ, ಅವರಿಗೆ ಬೆನ್ನು ಹಾಕುವಂತೆ ಬುಕ್ ಮಾಡಿದೆ. ಅವರು ಎಷ್ಟು ಸಲ ಎದ್ದರು ಎಂಬುದು ನನಗೆ ಕಾಣಬಾರದು.